ಮಂಚದಡಿಯ ರಾಗಿ ರೈಲು

ನಮ್ಮ ಸೋದರತ್ತೆಯ ಮನೆಗೆ ಹೋಗುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಒಳಗೆ ಹೋದ ಮೇಲೆ ಹಿಂದಕ್ಕೆ ತಿರುಗಬೇಕು ಅನ್ನಿಸಿದರೆ, ಮೊದಲು ಹೊರಗೆ ಬಂದು, ಅಲ್ಲಿ ತಿರುಗಿಕೊಂಡು, ಮತ್ತೆ ಒಳಗೆ ಹೋಗಬೇಕು! ಉತ್ಪ್ರೇಕ್ಷೆ ಅನ್ನುತ್ತೀರಾ? ಇರಲಿ, ಒಸಿ ಉತ್ಪ್ರೇಕ್ಷೆಯೇ. ಆದರೆ ನನ್ನ ಅಕ್ಕನ ಗಂಡ, ಅಂದರೆ ನಮ್ಮ ಭಾವನ ಹೊಟ್ಟೆಯನ್ನು ಕಂಡವರು ಯಾರೂ ಹಾಗನ್ನುವುದಿಲ್ಲ.

ಅತ್ತೆ ಮೊದಲಿದ್ದದ್ದು ವಿರೂಪಾಕ್ಷಿಪುರದ ಹತ್ತಿರದ ಒಂದು ಹಳ್ಳಿಯಲ್ಲಿ. ಅಬ್ಬಾ, ಅದೇನು ಮನೆ! ಹಜಾರ, ನಡುಮನೆ, ಅಡುಗೆಮನೆ, ಹಿತ್ತಲಲ್ಲಿ ಬಾವಿ, ಬಾವಿಯಾಚೆ ರೇಷ್ಮೆಹುಳು ಸಾಕುವ ಉದ್ದನೆಯ ಮನೆ. ಚಿಕ್ಕಂದಿನಲ್ಲಿ ನಾವು ಅಲ್ಲಿ ಕಣ್ಣಾಮುಚ್ಚಾಲೆ ಆಡಿದರೆ, ಬಚ್ಚಿಟ್ಟುಕೊಂಡವರೇ ಬೇಜಾರಾಗಿ ಹೊರಗೆ ಬರುತ್ತಿದ್ದರು. ಮಾವ ತೀರಿಕೊಂಡರು. ಅತ್ತೆಗೆ ಮಕ್ಕಳಿಲ್ಲ. ವರ್ಷ ತುಂಬುವುದರೊಳಗೆ ಮನೆ, ಜಮೀನು ಎಲ್ಲವನ್ನೂ ಮೈದುನನಿಗೆ ಒಪ್ಪಿಸಿ, ಚನ್ನಪಟ್ಟಣದ ರೈಲ್ವೆ ಸ್ಟೇಷನ್ ಹಿಂದೆ ಮಹಡಿಯ ಮೇಲೆ ಒಂದೇ ಒಂದು ರೂಮಿನ ಮನೆ ಹಿಡಿದರು. ರೂಮಿನ ಮೂಲೆಯಲ್ಲೇ ಒಲೆ, ಪಕ್ಕದಲ್ಲಿ ಬಚ್ಚಲು. ಮುಗಿಯಿತು!

ಜೊತೆಗೆ ಯಾರು ಹೊರಟರು ಅಂತೀರಿ? ಅವರ ಅತ್ತೆ! ನಾವೆಲ್ಲ ಅಜ್ಜಿ ಅಂತ ಕರೆಯುವ, ಹಲ್ಲೆಲ್ಲ ಹೋದರೂ ಮಾತಿನ ಹರಿತ ಹೋಗದ ಮುದುಕಿ. ಹಳ್ಳಿಯಲ್ಲಿ ಇನ್ನೊಬ್ಬ ಮಗನ ಜೊತೆ ಆರಾಮಾಗಿ ಇರಬಹುದಿತ್ತು. "ಬೈಯಕ್ಕೆ ಇವ್ಳೇ ಇಲ್ದಿದ್ಮೇಲೆ ಅಲ್ಲಿ ನಾನೇನ್ಲಾ ಮಾಡ್ಲಿ?" ಅಂತ ಸೊಸೆಗಿಂತ ಮೊದಲೇ ಟೆಂಪೋ ಹತ್ತಿ ಕೂತರು.

ಟೆಂಪೋಗೆ ಸಾಮಾನು ಏರಿಸುವ ದಿನ ನಾನೂ ಇದ್ದೆ. ಕಡಾಯಿ, ಬೀರು, ತಿಜೋರಿಯಂಥ ಮರದ ಪೆಟ್ಟಿಗೆ ಎಲ್ಲವನ್ನೂ ಅತ್ತೆ ಒಂಚೂರೂ ಹಿಂದೆ ಮುಂದೆ ನೋಡದೆ ಹಂಚಿಬಿಟ್ಟರು. ಕೊನೆಗೆ ತಾವು ಹಟ ಹಿಡಿದು ಹೇರಿಸಿದ್ದು ಎರಡು ವಸ್ತು: ಒಂದು ಬಾವಿಯ ರಾಟೆ, ಇನ್ನೊಂದು ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಬಿದಿರಿನ ದೊಡ್ಡ ಚಂದ್ರಿಕೆ.

"ಅತ್ತೆ, ಮಹಡಿ ಮೇಲೆ ಬಾವಿ ತೋಡಿಸ್ತೀರಾ?" ಅಂದೆ.

"ನೋಡ್ತಿರು ಕಣ್ಲಾ" ಅಂದರು.

ಮುಂದಿನ ವಾರ ಭಾವನ ಜೊತೆ ಹೋಗಿ ನೋಡುತ್ತೇನೆ, ರಾಟೆ ರೂಮಿನ ಸೂರಿಗೆ ಏರಿದೆ! ಅದರಿಂದ ಹಗ್ಗದಲ್ಲಿ ಚಂದ್ರಿಕೆ ಅಡ್ಡಡ್ಡಲಾಗಿ ತೂಗುತ್ತಿದೆ. ಕಂಬಳಿ, ದಿಂಬು, ಈರುಳ್ಳಿ, ಅಜ್ಜಿಯ ಸ್ವೆಟರು ಎಲ್ಲವೂ ಅದರ ಮೇಲೆ. ಬೇಕಾದಾಗ ಹಗ್ಗ ಬಿಟ್ಟರೆ ಕೆಳಗೆ, ಬೇಡವಾದಾಗ ಎಳೆದರೆ ಮೇಲೆ. ಊಟ ಮಾಡಿದ ಭಾವ ಆಕಳಿಸುತ್ತಾ "ಒಂದು ದಿಂಬಿದ್ರೆ..." ಅನ್ನುವಷ್ಟರಲ್ಲಿ ಅವರ ತಲೆಯ ಮೇಲೆ ಆಕಾಶದಿಂದ ದಿಂಬು ಇಳಿಯಿತು. ಜೊತೆಗೆ ನಾಲ್ಕಾರು ಈರುಳ್ಳಿಯೂ ಇಳಿದವು ಅನ್ನುವುದು ಬೇರೆ ಮಾತು!

ಇನ್ನು ಮಂಚದ ವಿಷಯ. ಚನ್ನಪಟ್ಟಣದಲ್ಲಿ ಮರದ ಬೊಂಬೆ ಮಾಡುವವರಿಗೇನು ಕಡಿಮೆಯೇ? ಅತ್ತೆ ಅಂಥವರೊಬ್ಬರ ಹತ್ತಿರ ಹೋಗಿ, ಬಣ್ಣ ಕೆಟ್ಟಿತೆಂದು ಪಕ್ಕಕ್ಕೆ ಹಾಕಿದ್ದ ಆಟದ ಬಂಡಿಯ ಚಕ್ರಗಳನ್ನೆಲ್ಲ ಕೇಳಿ ತಂದರು. ಹಳೆಯ ಮರದ ಡಬ್ಬಗಳಿಗೆ ಅವನ್ನು ಹೊಡೆಸಿ, ಒಂದಕ್ಕೊಂದು ಕೊಂಡಿ ಹಾಕಿ, ಮಂಚದ ಕೆಳಗೆ ನುಗ್ಗಿಸಿದರು. ದಾರ ಎಳೆದರೆ ಕೆಂಪು, ಹಳದಿ, ಹಸಿರು ಚಕ್ರಗಳ ಮೇಲೆ ಗಡಗಡ ಸದ್ದು ಮಾಡುತ್ತಾ ಬರುತ್ತದೆ ನೋಡಿ ರಾಗಿ, ಅದರ ಹಿಂದೆ ಅಕ್ಕಿ, ಅದರ ಹಿಂದೆ ಅವರೆಬೇಳೆ! ಮೇಲೆ ಮಲಗಿರುವ ಅಜ್ಜಿ ಸುಮ್ಮನಿರುತ್ತಾರೆಯೇ?

"ನೋಡ್ಲಾ, ನನ್ ಹಾಸ್ಗೆ ಕೆಳ್ಗೇ ಟೇಸನ್ ಮಡಗವ್ಳೆ ನಿಮ್ಮತ್ತೆ!"

"ಟಿಕೆಟ್ ಇಲ್ದೆ ಮಲ್ಗಿದೀರ, ಸುಮ್ಕಿರಿ ಅತ್ತೆಮ್ಮ" ಅನ್ನುತ್ತಾರೆ ಅತ್ತೆ.

ಅತ್ತೆಯ ಮನೆಗೆ ಒಂದು ಕಾನೂನೂ ಉಂಟು. ಹೊಸದೊಂದು ಒಳಗೆ ಬರಬೇಕಾದರೆ ಇದ್ದದ್ದೊಂದು ಹೊರಗೆ ಹೋಗಬೇಕು. ಇದು ತಿಳಿಯದೆ ನಾನೊಮ್ಮೆ ಪ್ರೀತಿಯಿಂದ ಒಂದು ಟೇಬಲ್ ಫ್ಯಾನು ತಗೊಂಡು ಹೋದೆ. ಅತ್ತೆ ಬಾಗಿಲಲ್ಲೇ ತಡೆದು ಫ್ಯಾನನ್ನು ನೋಡಿದರು, ನನ್ನನ್ನು ನೋಡಿದರು.

"ಚೆನ್ನಾಗೈತೆ ಕಣಪ್ಪ. ಇಬ್ರಲ್ಲಿ ಯಾರು ಒಳಕ್ಕೆ ಬತ್ತೀರಿ?"

ಫ್ಯಾನು ಒಳಗೆ ಹೋಯಿತು. ನಾನು ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿದೆ!

ಆದರೆ ಅತ್ತೆಯ ನಿಜವಾದ ಪ್ರತಾಪ ಕಂಡದ್ದು ಕನಕಪುರದಲ್ಲಿರುವ ನನ್ನ ತಂಗಿಯ ಮಗಳನ್ನು ನೋಡಲು ಗಂಡಿನವರು ಬಂದಾಗ. ಅವರು ಮಾಗಡಿಯವರು. ಚನ್ನಪಟ್ಟಣಕ್ಕೆ ಯಾವುದೋ ಮದುವೆಗೆ ಬಂದವರು, "ಹೆಂಗೂ ಬಂದಿದೀವಿ, ಇಲ್ಲೇ ಹುಡ್ಗೀನೂ ನೋಡ್ಬುಡ್ತೀವಿ" ಅಂದರು. ಸರಿ, ನನ್ನ ತಂಗಿ ಮಗಳನ್ನು ಕರೆದುಕೊಂಡು ಓಡಿಬಂದಳು. ಒಂದು ಮಿನಿ ಬಸ್ಸು ಅತ್ತೆಯ ಮನೆಯ ಮುಂದೆ ನಿಂತಿತು. ಜನ ಇಳಿದರು, ಇಳಿದರು, ಇಳಿಯುತ್ತಲೇ ಇದ್ದರು!

"ಅತ್ತೆ, ಇವರನ್ನೆಲ್ಲ ಎಲ್ಲಿ ಕೂರಿಸೋದು?" ತಂಗಿ ಅಳುವುದೊಂದು ಬಾಕಿ.

ಅತ್ತೆ ಸೆರಗು ಸಿಕ್ಕಿಸಿಕೊಂಡರು. ಹಿರಿಯರು ಅಜ್ಜಿಯ ಮಂಚದ ಮೇಲೆ. ಹೆಂಗಸರು ವಯಸ್ಸಿನ ಪ್ರಕಾರ ಮೆಟ್ಟಿಲಿಗೊಬ್ಬರಂತೆ. ವಯಸ್ಸಿನ ಹುಡುಗರು ತಾರಸಿಯಲ್ಲಿ, ನೀರಿನ ಟ್ಯಾಂಕಿನ ನೆರಳಿಗೆ. ಉಪ್ಪಿಟ್ಟಿನ ತಟ್ಟೆ ಒಲೆಯಿಂದ ಹೊರಟು ಕೈಯಿಂದ ಕೈಗೆ ದಾಟಿ ರಸ್ತೆಯಲ್ಲಿದ್ದ ಡ್ರೈವರನ್ನೂ ತಲುಪಿತು. ಗಂಡು ಹೆಣ್ಣು ಒಂದೆರಡು ಮಾತಾಡಲಿ ಅಂತ ಹಿರಿಯರೊಬ್ಬರು ಅಂದಾಗ ಮಾತ್ರ ಎಲ್ಲರೂ ಸುತ್ತಮುತ್ತ ನೋಡಿದರು. ಇರುವೆಗೂ ಜಾಗವಿಲ್ಲ! ಅತ್ತೆ ಹುಡುಗಿಯ ಕೈಗೆ ಚೊಂಬು ಕೊಟ್ಟು, "ಹಾಲು ಮುಗ್ದೋಯ್ತು, ಡೈರೀಗೆ ಹೋಗ್ಬುಟ್ಟು ಬನ್ನಿ ಇಬ್ರೂ" ಅಂದರು.

ಡೈರಿ ಇರುವುದು ಬೀದಿಯ ಕೊನೆಯಲ್ಲಿ. ಹೋದವರು ಬರಲೇ ಇಲ್ಲ. ಕೊನೆಗೆ ಬಂದಾಗ ಚೊಂಬು ಖಾಲಿ, ಇಬ್ಬರ ಮುಖದಲ್ಲೂ ನಗು. ಮದುವೆ ನಿಕ್ಕಿಯಾಯಿತು! "ದೊಡ್ಮನೆ ಆಗಿದ್ರೆ ಇಬ್ರೂ ಒಂದೊಂದ್ ಮೂಲೆ ನೋಡ್ಕಂಡು ಬೆವರ್ತಾ ಕುಂತಿರೋರು" ಅಂತ ಅತ್ತೆ ಬೀಗಿದ್ದೇ ಬೀಗಿದ್ದು.

ಇಂಥ ಅತ್ತೆಗೆ ಈಚೆಗೆ ಒಂದು ಯೋಗ ಕೂಡಿಬಂತು. ಕೆಳಗಿನ ಮನೆ ಖಾಲಿಯಾಯಿತು. ಹಜಾರ, ಎರಡು ರೂಮು, ಮುಂದೆ ಜಗಲಿ. ಮಾಲೀಕರೇ ಮೆಟ್ಟಿಲು ಹತ್ತಿ ಬಂದು, "ಈಗ ಕೊಡೋ ಬಾಡಿಗೇನೇ ಕೊಡಿ, ಕೆಳಗೆ ಬನ್ನಿ" ಅಂದರಂತೆ. ಅತ್ತೆ ಒಲ್ಲೆ ಅಂದರು! ಒಪ್ಪಿಸಿ ಬಾ ಅಂತ ಮನೆಯವರೆಲ್ಲ ಸೇರಿ ನನ್ನನ್ನು ಅಟ್ಟಿದರು.

ಮಧ್ಯಾಹ್ನ. ಅಜ್ಜಿ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ಅತ್ತೆ ಮಂಚಕ್ಕೆ ಒರಗಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದರು.

"ಅಜ್ಜಿಗೊಂದು ರೂಮು, ನಿಮಗೊಂದು ರೂಮು. ಬಾಗಿಲು ಹಾಕ್ಕೊಂಡು ಇಬ್ಬರೂ ನೆಮ್ಮದಿಯಾಗಿರಬಹುದಲ್ಲ ಅತ್ತೆ?"

"ಬ್ಯಾಡ ಕಣಪ್ಪ."

"ಯಾಕೆ?"

ಏನಾದರೊಂದು ಕುಟುಕುತ್ತಾರೆ ಅಂತ ನಗಲು ತಯಾರಾಗಿಯೇ ಕಾದೆ. ಅತ್ತೆಯ ಕೈ ಸೊಪ್ಪಿನ ಮೇಲೆ ನಿಂತಿತು.

"ನಿಮ್ಮಾವ ಹುಳಿನ ಮನೇಲಿ ಬಿದ್ರಲ್ಲ, ಆಗ ನಾನು ಅಡ್ಗೆಮನೇಲಿ ರೊಟ್ಟಿ ತಟ್ತಿದ್ದೆ. ಊಟಕ್ಕೆ ಯಾಕೋ ಬರ್ನಿಲ್ವಲ್ಲ ಅಂತ ಹೋದೆ. ಕೈ ಇನ್ನೂ ಬೆಚ್ಚಗಿತ್ತು." ಒಂದು ದಂಟನ್ನು ಮುರಿದು ಪಕ್ಕಕ್ಕಿಟ್ಟರು. "ಕರ್ದಿರ್ತಾರೆ ಕಣ್ಲಾ ನನ್ನ. ಕರೀದೆ ಇರ್ತಾರಾ? ನಡುವೆ ಅಷ್ಟೊಂದು ಗ್ವಾಡೆ. ನಂಗೆ ಕೇಳುಸ್ನಿಲ್ಲ."

ನಾನು ಒಂದು ಹಿಡಿ ಸೊಪ್ಪು ನನ್ನ ಕಡೆ ಎಳೆದುಕೊಂಡು ಬಿಡಿಸತೊಡಗಿದೆ.

ಅಷ್ಟರಲ್ಲಿ ಅಜ್ಜಿ ನಿದ್ದೆಯಲ್ಲೇ ಒಮ್ಮೆ ಕೆಮ್ಮಿದರು. ಎರಡನೆಯ ಕೆಮ್ಮು ಬರುವಷ್ಟರಲ್ಲಿ ಅತ್ತೆ, ಕೂತಲ್ಲಿಂದ ಏಳದೆಯೇ, ಕೈ ಚಾಚಿ ಅವರ ಬೆನ್ನು ಸವರುತ್ತಿದ್ದರು.