ಗೋಡೆಯ ಮೇಲಿನ ಬಿಗಿದ ತುಟಿ

ಗಂಭೀರವಾಗಿ ಕಾಣುವವರೆಲ್ಲ ಗಂಭೀರ ಸ್ವಭಾವದವರಲ್ಲ; ಕೆಲವರಿಗೆ ಬರೀ ಹಲ್ಲಿನ ತೊಂದರೆ ಇರುತ್ತದೆ. ಇದು ನನ್ನ ಸ್ವಂತ ಅನುಭವ. ಕಾಟಿಪಳ್ಳದ ನಮ್ಮ ಮನೆಯ ಚಾವಡಿಯಲ್ಲಿ ನನ್ನ ಪದವಿಯ ಫೋಟೊ ಇದೆ: ಕಪ್ಪು ಗೌನು, ಕೈಯಲ್ಲಿ ಸುರುಳಿ, ಬಿಗಿದ ತುಟಿ. ನಮ್ಮ ಕುಟುಂಬದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲನೆಯವಳು. ಅಮ್ಮ ಬೀಡಿ ಕಟ್ಟಿ ಓದಿಸಿದ್ದನ್ನು ಕೇಳದವರಿಗೂ ಹೇಳುತ್ತೇನೆ. ಹೇಳದೆ ಉಳಿಸಿಕೊಂಡದ್ದು ಒಂದೇ: ತುಟಿ ಬಿಗಿದದ್ದು ಡಿಗ್ರಿಯ ಭಾರಕ್ಕಲ್ಲ, ಕೆಳಗಿನ ಹಲ್ಲುಗಳು ಮೇಲಿನವನ್ನು ದಾಟಿ ಮುಂದೆ ನಿಂತಿದ್ದುದನ್ನು ಮುಚ್ಚಲಿಕ್ಕೆ. ಅಮ್ಮ ಅದನ್ನೇ ವಿದ್ಯೆಯ ಲಕ್ಷಣವೆಂದು ತಿಳಿದರೋ ಏನೋ, ಆಮೇಲೆ ಪಾಸಾದ ತಮ್ಮನ, ತಂಗಿಯ ಫೋಟೊಗಳನ್ನೂ ಬಾಯಿ ಮುಚ್ಚಿಸಿಯೇ ತೆಗೆಸಿದರು. ಮೂರನ್ನೂ ಒಟ್ಟಿಗೆ ನೋಡಿದರೆ ಫೇಲಾದವರ ಸಾಲು ಅನಿಸುತ್ತದೆ.

ನಲವತ್ತೊಂದನೇ ವಯಸ್ಸಿನಲ್ಲಿ ನನಗೆ ಹಲ್ಲು ತೋರಿಸಿ ನಗುವ ಒಂದು ಫೋಟೊ ಬೇಕೆನಿಸಿತು. "ದವಡೆ ಆಪರೇಷನ್ ಆಗಬೇಕಾ?" ಎಂದು ಹಲ್ಲಿನ ಕ್ಲಿನಿಕ್ಕಿಗೆ ಹೋಗಿ ಕೇಳಿದೆ. "ಎಂತಕ್ಕೆ ಮೇಡಂ? ನಿಮ್ಮದು ಕ್ಲಿಪ್‌ನಲ್ಲೇ ಸರಿಯಾಗ್ತದೆ. ರಬ್ಬರ್ ಮಾತ್ರ ಊಟಕ್ಕೆ ಬಿಟ್ಟರೆ ತೆಗೀಬಾರ್ದು" ಎಂದಳು ಡಾಕ್ಟರ್ ಹುಡುಗಿ. ಮೇಲಿನ ಹಲ್ಲಿನಿಂದ ಕೆಳಗಿನ ಹಲ್ಲಿಗೆ ಎಳೆದು ಕಟ್ಟುವ ಪುಟ್ಟ ರಬ್ಬರ್ ಬಳೆಗಳವು. ಒಮ್ಮೆ ನಂತೂರಿನ ಟ್ರಾಫಿಕ್ಕಿನಲ್ಲಿ ಬಸ್ಸು ಸಿಕ್ಕಿಕೊಂಡಾಗ ಆಕಳಿಸಿದೆ. ಒಂದು ಬಳೆ ಹಾರಿ ಕಂಡಕ್ಟರನ ಕಿವಿಗೆ ತಾಗಿತು. ಅವನು ಹಿಂದಿನ ಸೀಟಿನ ಕಾಲೇಜು ಹುಡುಗರಿಗೆ ಬೈದ. ವಿದ್ಯಾವಂತೆಯಾದ ನಾನು ಕಿಟಕಿಯಾಚೆ ಲಾರಿಗಳನ್ನು ನೋಡುತ್ತ ಕುಳಿತೆ.

ಎರಡು ವರ್ಷ ಗರಿಗರಿ ಕೋರಿರೊಟ್ಟಿಯನ್ನೂ ಕೋಳಿಸಾರಿನಲ್ಲಿ ಗಂಜಿಯಂತೆ ನೆನೆಸಿ ತಿಂದ ಮೇಲೆ ಕ್ಲಿಪ್ ಬಿಚ್ಚಿದರು. ಸುರತ್ಕಲ್ಲಿನ ಸ್ಟುಡಿಯೋದವರ ಗೌನನ್ನೇ ತೊಟ್ಟು, ಇರುವ ಹಲ್ಲೆಲ್ಲ ಕಾಣುವಂತೆ ನಕ್ಕು ಫೋಟೊ ತೆಗೆಸಿದೆ. ಹಳೆಯದನ್ನು ಇಳಿಸಿ ಅದೇ ಮೊಳೆಗೆ ತೂಗಹಾಕಲು ಹೋದಾಗ ಅಮ್ಮ ತಡೆದರು.

"ಹಲ್ಲು ಲಾಯ್ಕುಂಟು ಮಗಾ. ಆದರೆ ಇದರಲ್ಲಿ ನೀನು ಓದಿದವಳ ಹಾಗೆ ಕಾಣುವುದಿಲ್ಲ."

"ಅಮ್ಮಾ, ಅದರಲ್ಲಿ ತುಟಿ ಬಿಗಿದದ್ದು ಓದಿದ್ದಕ್ಕಲ್ಲ, ಹಲ್ಲು ಅಡಗಿಸಲಿಕ್ಕೆ."

"ನನಗೆ ಗೊತ್ತಿಲ್ವಾ ಮಾರಾಯ್ತಿ? ಹೆತ್ತವಳು ನಾನು. ಆ ಮೋರೆಗೆ ಹೆದರಿಯೇ ನಿನ್ನ ತಮ್ಮ, ತಂಗಿ ಓದಿದ್ದು. ಅದು ಅಲ್ಲೇ ಇರಲಿ."

ಹೊಸ ಫೋಟೊ ಈಗ ಹಲ್ಲುಜ್ಜುವ ಬೇಸಿನ್ನಿನ ಮೇಲಿದೆ. ಸೋಲೊಪ್ಪದೆ, ನಾನು ಮೇಲ್ವಿಚಾರಕಿಯಾಗಿರುವ ಆಫೀಸಿನಲ್ಲಿ ಒಂದು ವಾರ ನಕ್ಕು ನೋಡಿದೆ. ಎಲ್ಲರೂ ತಿರುಗಿ ನಕ್ಕು, ಫೈಲುಗಳನ್ನು ಇದ್ದಲ್ಲೇ ಬಿಟ್ಟರು. ಈಗ ಬೆಳಿಗ್ಗೆ ಬಾಗಿಲಲ್ಲಿ ಒಂದು ಕ್ಷಣ ನಿಂತು, ಎರಡು ವರ್ಷ ಕಷ್ಟಪಟ್ಟು ನೇರ ಮಾಡಿಸಿಕೊಂಡ ಹಲ್ಲುಗಳ ಮೇಲೆ ತುಟಿ ಎಳೆದು ಬಿಗಿದುಕೊಂಡೇ ಒಳಗೆ ಹೋಗುತ್ತೇನೆ.