ತಿಮಿಂಗಿಲಕ್ಕೆ ಎರಡನೆಯ ಸಾಕ್ಷಿ

ಜೊತೆ ಸಿಗುವಂಥ ಹುಚ್ಚು ಹಿಡಿದವರು ಪುಣ್ಯವಂತರು. ಕ್ರಿಕೆಟ್ಟಿನ ಹುಚ್ಚಿದ್ದರೆ ಬಸ್ ಸ್ಟಾಪಿನಲ್ಲಿ ನಿಂತಲ್ಲೇ ಒಬ್ಬರು ಸಿಗುತ್ತಾರೆ, ಸೀರೆಯ ಹುಚ್ಚಿದ್ದರೆ ಲಿಫ್ಟಿನಲ್ಲೇ ನಾಲ್ಕು ಜನ. ನನಗೆ ಹಿಡಿದದ್ದು ತಿಮಿಂಗಿಲದ ಹುಚ್ಚು. ಅದೂ ಕಣ್ಣೆದುರಿನ ಬಂಗಾಳ ಕೊಲ್ಲಿಯದ್ದಲ್ಲ, ಐಸ್‌ಲ್ಯಾಂಡಿನ ಉತ್ತರ ತುದಿಯ ಕೊರೆಯುವ ಚಳಿಯ ಸಮುದ್ರದ್ದು. ಚೆನ್ನೈನ ಮೈಲಾಪೂರಿನ ಹಳೇ ಫ್ಲಾಟಿನ ಮೂರನೇ ಮಹಡಿಯಲ್ಲಿ ಒಬ್ಬಳೇ ಇದ್ದುಕೊಂಡು ಇನ್ಶೂರೆನ್ಸ್ ಆಫೀಸಿಗೆ ಹೋಗಿಬರುವ ಹುಡುಗಿಗೆ ಇದು ಹೇಗೆ ಅಂಟಿತು ಎಂದರೆ, ಜ್ವರ ಬಂದು ಮಲಗಿದ್ದ ಒಂದು ಮಧ್ಯಾಹ್ನ ಫೋನಿನಲ್ಲಿ ಏನೋ ಒತ್ತಲು ಹೋಗಿ ಇನ್ನೇನನ್ನೋ ಒತ್ತಿದೆ. ಬೂದು ಬಣ್ಣದ ನೀರು ಬಂತು. ಎಷ್ಟೋ ಹೊತ್ತು ಬರೀ ನೀರು. ಆಮೇಲೆ ಅದರೊಳಗಿಂದ ಬಾಗಿಲಿನಷ್ಟಗಲದ ಒಂದು ಬಾಲ ಎದ್ದು, ಅವಸರವಿಲ್ಲದೆ ಟಾಟಾ ಮಾಡಿ ಮುಳುಗಿತು. ಆ ವಾರವಿಡೀ ಆ ಕೋಣೆಯಲ್ಲಿ ನನಗೆ ಟಾಟಾ ಮಾಡಿದ್ದು ಅದೊಂದೇ.

ಅದು ಪ್ರವಾಸಿಗಳನ್ನು ತಿಮಿಂಗಿಲ ನೋಡಲು ಕರೆದೊಯ್ಯುವ ದೋಣಿ. ದೋಣಿಯ ತಲೆಯ ಮೇಲೊಂದು ಕ್ಯಾಮೆರಾ ಕೂರಿಸಿ, ಬೆಳಗಿನ ಪ್ರಯಾಣವನ್ನು ಹಾಗೇ ನೇರ ಪ್ರಸಾರ ಮಾಡುತ್ತಾರೆ. ಅಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ದೋಣಿ ಬಿಟ್ಟರೆ ನಮಗೆ ಮಧ್ಯಾಹ್ನ ಎರಡೂವರೆ. ಆಫೀಸಿರುವ ದಿನ ಫೋನನ್ನು ಫೈಲಿನ ಮರೆಗಿಟ್ಟು, ರಜೆಯ ದಿನ ಕೋಣೆಯಲ್ಲಿ ಕೂತು ನೋಡುತ್ತೇನೆ. ಮೂರು ಗಂಟೆ ಹೊತ್ತು ಹಿಲ್ಡಾ ಎಂಬ ಕೆಂಪು ಜಾಕೆಟ್ಟಿನ ಗೈಡ್ ಹುಡುಗಿ ಮೈಕಿನಲ್ಲಿ ಇಂಗ್ಲಿಷಿನಲ್ಲಿ ಮಾತಾಡುತ್ತಲೇ ಇರುತ್ತಾಳೆ. ನೋಡುವವರು ಪರದೆಯ ಕೆಳಗೆ ಏನಾದರೂ ಬರೆದರೆ ಓದಿ ಉತ್ತರಿಸುತ್ತಾಳೆ, ನನ್ನನ್ನು ಚೆನ್ನೈನ ಗೆಳತಿ ಎನ್ನುತ್ತಾಳೆ. ಅವಳಿಂದಲೇ ನಾನು ಎಲ್ಲ ಕಲಿತದ್ದು. ದೋಣಿಯ ಮೂತಿ ಹನ್ನೆರಡು ಗಂಟೆ, ಬಲಗಡೆ ಮೂರು, ಎಡಗಡೆ ಒಂಬತ್ತು. ತಿಮಿಂಗಿಲ ಉಸಿರು ಬಿಟ್ಟ ಕಾರಂಜಿ ಕಂಡ ಕೂಡಲೇ "ಎರಡು ಗಂಟೆಗೆ" ಎಂದು ಕೂಗಿದರೆ ಎಲ್ಲರೂ ಅತ್ತ ತಿರುಗುತ್ತಾರೆ. ಈ ಅಭ್ಯಾಸ ನನಗೆಷ್ಟು ಹಿಡಿಸಿತೆಂದರೆ, ಒಂದು ದಿನ ಬಸ್ಸಿನಲ್ಲಿ ನಿಂತಿದ್ದ ಮುದುಕಿಗೆ "ಪಾಟಿ, ಪತ್ತು ಮಣಿಕ್ಕು ಸೀಟ್ ಇರುಕ್ಕು" ಎಂದುಬಿಟ್ಟೆ. ಹತ್ತು ಗಂಟೆಗೆ ಸೀಟಿದೆ ಎಂದರೆ ಆಕೆ ಏನು ಮಾಡಬೇಕು? ಗಡಿಯಾರ ನೋಡಿ, ಅಷ್ಟು ಹೊತ್ತು ಕಾಯಲಾಗದು ಎಂದು ಗೊಣಗುತ್ತಾ ಮುಂದಿನ ಸ್ಟಾಪಿನಲ್ಲಿ ಇಳಿದಳು.

ಮೇ ತಿಂಗಳ ಸೆಖೆಯಲ್ಲಿ, ಫ್ಯಾನಿನ ಕೆಳಗೆ ಬೆವರುತ್ತಾ ಕೂತು "ಈಗ ಎಲ್ಲರೂ ಕೈಗವಸು ಹಾಕಿಕೊಳ್ಳಿ" ಎಂದು ಕೇಳಿಸಿಕೊಳ್ಳುವುದರಲ್ಲಿ ಒಂದು ಸುಖವಿದೆ. ಕಷ್ಟವೂ ಇದೆ. ದೋಣಿ ಹೊಯ್ದಾಡಿದರೆ ನನಗೆ ಇಲ್ಲೇ ಹೊಟ್ಟೆ ತೊಳಸುತ್ತದೆ. ಅದಕ್ಕೇ ಪಕ್ಕದಲ್ಲಿ ಲಿಂಬೆಹುಳಿಯ ಉಪ್ಪಿನಕಾಯಿ ಇಟ್ಟುಕೊಂಡಿರುತ್ತೇನೆ. ನಾನು ಜನ್ಮದಲ್ಲಿ ದೋಣಿ ಹತ್ತಿದವಳಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಹತ್ತುವ ಪ್ರಯತ್ನ ಒಮ್ಮೆ ಮಾಡಿದ್ದೆ. ಒಂದು ಭಾನುವಾರ ಎಣ್ಣೂರಿಗೆ ಹೋಗಿ, ಬಲೆ ಬಿಡಿಸುತ್ತಾ ಕೂತಿದ್ದ ಒಬ್ಬರನ್ನು, ಇಲ್ಲಿ ತಿಮಿಂಗಿಲ ಬರುತ್ತದೆಯೇ, ಕರೆದುಕೊಂಡು ಹೋಗುತ್ತೀರಾ ಎಂದು ಕೇಳಿದೆ. ಅವರು ತಲೆಯೆತ್ತದೆ, "ಎಂಗಳುಕ್ಕೇ ಮೀನ್ ಕಿಡೈಕ್ಕಲೆ, ಅದು ಏನ್ ಮ್ಮಾ ಇಂಗೆ ವರುಂ?" ಎಂದರು. ನಮಗೇ ಮೀನು ಸಿಗುತ್ತಿಲ್ಲ, ಅದು ಇಲ್ಲಿಗೇಕೆ ಬರುತ್ತದೆ. ನ್ಯಾಯವಾದ ಮಾತು. ಆದರೆ ನಾನು ಸುಮ್ಮನಿರಬೇಕಲ್ಲ. ತಿಮಿಂಗಿಲ ಮೀನಲ್ಲ, ಅದು ನಮ್ಮ ಹಾಗೆ ಉಸಿರಾಡುತ್ತದೆ, ಮರಿಗೆ ಹಾಲೂಡಿಸುತ್ತದೆ ಎಂದು ಕಾಲು ಗಂಟೆ ವಿವರಿಸಿದೆ. ಅವರು ಬಲೆಯನ್ನು ಎತ್ತಿಕೊಂಡು ಬೇರೆ ನೆರಳಿಗೆ ಹೋದರು. ನನ್ನ ವಿವರಣೆ ಶುರುವಾದ ಮೇಲೆ ಜನ ಬೇರೆ ನೆರಳಿಗೆ ಹೋಗುವುದು ನನಗೆ ರೂಢಿಯಾಗಿದೆ. ಆಫೀಸಿನಲ್ಲಂತೂ ನಾನು ಊಟದ ಡಬ್ಬಿ ತಂದು ಕೂತರೆ ಪಕ್ಕದವರಿಗೆ ತುರ್ತಾಗಿ ಏನೋ ಫೈಲು ನೆನಪಾಗುತ್ತದೆ.

ಈ ಚೆನ್ನೈನಲ್ಲಿ ನನ್ನವರು ಎಂದರೆ ಸೋದರಮಾವ ಒಬ್ಬರೇ. ಕುಂದಾಪುರದಿಂದ ಬಂದು ಪುರಸೈವಾಕ್ಕಂನಲ್ಲಿ ಮೂವತ್ತು ವರ್ಷದಿಂದ ಹೋಟೆಲು ನಡೆಸುತ್ತಿದ್ದಾರೆ. ಈ ಬೇಸಿಗೆಯಲ್ಲಿ ನನ್ನ ಹುಟ್ಟಿದ ದಿನ ಅವರ ಹೋಟೆಲಿನ ಟಿ.ವಿ.ಗೆ ನನ್ನ ದೋಣಿಯನ್ನು ಹಾಕಿಸಿದ್ದೆ. ಎಲ್ಲರಿಗೂ ತೋರಿಸಬೇಕು ಎಂಬ ಆಸೆ. ಮೇಜಿನ ನಡುವೆ ನಿಂತು, ಬರುವವರಿಗೆಲ್ಲ ತಮಿಳಿನಲ್ಲಿ ಒಂದಿಷ್ಟು, ಕನ್ನಡದಲ್ಲಿ ಒಂದಿಷ್ಟು ಪಾಠ ಹೇಳಿದೆ. ಆ ದಿನ ಮೂರು ಗಂಟೆ ಮುಗಿಯುತ್ತಾ ಬಂದರೂ ಒಂದೇ ಒಂದು ತಿಮಿಂಗಿಲ ಬರಲಿಲ್ಲ.

"ಎಂತ ಮಾರಾಯ್ತಿ, ಟಿ.ವಿ. ಹಾಳಾಯ್ತಾ ಅಂದ್ ಜನ ಕೇಂತಿದ್ರ್" ಎಂದರು ಮಾವ. "ಬರೀ ನೀರ್. ಅಲ್ದೆ ವೆಜ್ ಹೋಟ್ಲಂಗೆ ಮೀನ್ ತೋರ್ಸೂದಾ?"

"ಮೀನಲ್ಲ ಮಾವ."

"ಆಯ್ತ್ ಆಯ್ತ್. ಮೊದ್ಲ್ ತೆಗಿ ಅದನ್ನ."

ತೆಗೆದೆ. ಮಾವ ಕೊಟ್ಟ ಬಾದಾಮಿ ಹಲ್ವ ತಿಂದು ಬಂದೆ. ಆಮೇಲೆ ಅವರೆದುರು ತಿಮಿಂಗಿಲದ ಸುದ್ದಿ ಎತ್ತಲಿಲ್ಲ. ಹೋಟೆಲಿಗೆ ಹೋಗುವುದನ್ನೂ ಕಡಿಮೆ ಮಾಡಿದೆ.

ಹೀಗಿರುವಾಗ ನನಗೆ ಇನ್ನೊಬ್ಬರು ಸಿಕ್ಕಿದರು. ಸಿಕ್ಕಿದರು ಎಂದರೆ, ಪರದೆಯ ಮೂಲೆಯಲ್ಲಿ ಎಷ್ಟು ಜನ ನೋಡುತ್ತಿದ್ದಾರೆ ಎಂದು ಒಂದು ಅಂಕಿ ತೋರಿಸುತ್ತದಲ್ಲ, ಯಾವತ್ತೂ ಒಂದು ಎಂದು ಇರುತ್ತಿದ್ದದ್ದು ಎರಡಾಯಿತು. ನಾನು ಒಂದು, ಇನ್ನೊಬ್ಬರು ಯಾರೋ. ಅವರು ಒಂದಕ್ಷರ ಬರೆಯುತ್ತಿರಲಿಲ್ಲ, ನಾನೂ ಕೇಳಲಿಲ್ಲ. ಆದರೆ ಮನಸ್ಸಿನಲ್ಲಿ ಅವರಿಗೊಂದು ಮನೆ ಕಟ್ಟಿಕೊಟ್ಟೆ. ಎಲ್ಲೋ ಫಿನ್ಲೆಂಡಿನಲ್ಲಿ ಉಲ್ಲನ್ ಹೆಣೆಯುತ್ತಾ ಕೂತಿರುವ ಅಜ್ಜಿ ಎಂದುಕೊಂಡೆ. "ಇವತ್ತು ಗಾಳಿ ಜಾಸ್ತಿ ಅಲ್ವಾ ಅಜ್ಜಿ" ಎಂದು ಖಾಲಿ ಕೋಣೆಯಲ್ಲಿ ಗಟ್ಟಿಯಾಗಿ ಹೇಳಿದ್ದುಂಟು. ಅಜ್ಜಿ ಮಂಗಳವಾರ ಮಾತ್ರ ಬರುತ್ತಿರಲಿಲ್ಲ. ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಬೇಕಾದ ಕಾಯಿಲೆ ಇರಬೇಕು ಎಂದು ನನಗೆ ಸಂಕಟ. ಎರಡು ಮಂಗಳವಾರ ಮೈಲಾಪೂರಿನ ದೇವಸ್ಥಾನದಲ್ಲಿ ಅವರ ಹೆಸರಿಗೆ ದೀಪ ಹಚ್ಚಿದೆ. ಹೆಸರು ಗೊತ್ತಿಲ್ಲದ್ದರಿಂದ ದೇವರಿಗೆ ಗುರುತು ಹೇಳಲು ಸ್ವಲ್ಪ ಕಷ್ಟವಾಯಿತು.

ಈಗ ಆ ಶನಿವಾರದ ಕತೆ. ದೋಣಿ ಕೊಲ್ಲಿಯ ನಡುವೆ ನಿಂತಿತ್ತು. ಬಲಗಡೆ ಡಾಲ್ಫಿನ್‌ಗಳ ಹಿಂಡು ಬಂದು ಕುಣಿಯುತ್ತಿದ್ದರಿಂದ ಪ್ರವಾಸಿಗಳೆಲ್ಲ ಅತ್ತಲೇ ವಾಲಿದ್ದರು, ಹಿಲ್ಡಾಳೂ ಅಲ್ಲೇ ಇದ್ದಳು. ಕ್ಯಾಮೆರಾದ ಎಡ ಅಂಚಿನಲ್ಲಿ, ದೂರದಲ್ಲಿ, ನೀರಿನಿಂದ ಒಂದು ಬಿಳಿ ಕಂಬ ಎದ್ದಿತು. ಪೊದೆಯಂಥ ಗಿಡ್ಡ ಕಾರಂಜಿಯಲ್ಲ, ನೆಟ್ಟಗೆ, ಎತ್ತರಕ್ಕೆ. ನೀಲಿ ತಿಮಿಂಗಿಲದ ಉಸಿರು ಹಾಗಿರುತ್ತದೆ ಎಂದು ಹಿಲ್ಡಾಳೇ ಹೇಳಿಕೊಟ್ಟಿದ್ದಳು. ಎರಡು ಬೇಸಿಗೆಯಲ್ಲಿ ನಾನದನ್ನು ಒಮ್ಮೆಯೂ ಕಂಡಿರಲಿಲ್ಲ. ನಾನು "ಹತ್ತು ಗಂಟೆಗೆ, ನೀಲಿ" ಎಂದು ಟೈಪ್ ಮಾಡುವಷ್ಟರಲ್ಲಿ ಕಂಬ ಕರಗಿತ್ತು. ಹಿಲ್ಡಾ ಓದಿ, ತಿರುಗಿ ನೋಡಿದಳು. ಬರೀ ನೀರು.

"ಚೆನ್ನೈನ ನಮ್ಮ ಗೆಳತಿಗೆ ಏನೋ ಕಂಡಿದೆಯಂತೆ, ಬೇರೆ ಯಾರಾದರೂ ನೋಡಿದಿರಾ?" ಎಂದು ಮೈಕಿನಲ್ಲಿ ಕೇಳಿದಳು.

ಯಾರೂ ನೋಡಿರಲಿಲ್ಲ. ಅವರ ದೋಣಿಯ ಪದ್ಧತಿಯೊಂದಿದೆ. ದಿನದ ಪುಸ್ತಕದಲ್ಲಿ ಒಂದು ತಿಮಿಂಗಿಲ ಬರೆಯಬೇಕಾದರೆ ಇಬ್ಬರು ಕಂಡಿರಬೇಕು. ಒಬ್ಬರಿಗೆ ಕಂಡದ್ದು ಅಲೆಯೂ ಇರಬಹುದು, ಆಸೆಯೂ ಇರಬಹುದು. ನಾನು ಮರ್ಯಾದೆ ಬಿಟ್ಟು ಬರೆದೆ: "ನೋಡುತ್ತಿರುವ ಇನ್ನೊಬ್ಬರೇ, ದಯವಿಟ್ಟು ಹೇಳಿ, ನಿಮಗೂ ಕಂಡಿತಲ್ಲವೇ?" ಹಿಲ್ಡಾ ಅದನ್ನೂ ಗಟ್ಟಿಯಾಗಿ ಓದಿ ಕಾದಳು. ಮೂಲೆಯಲ್ಲಿ ಎರಡು ಎಂಬ ಅಂಕಿ ಹಾಗೇ ಇತ್ತು. ಅಜ್ಜಿ ಉತ್ತರಿಸಲಿಲ್ಲ. "ಕ್ಷಮಿಸಿ ಗೆಳತಿ" ಎಂದು ಹಿಲ್ಡಾ ಮತ್ತೆ ಡಾಲ್ಫಿನ್ ಕಡೆ ಹೋದಳು.

ಪುಸ್ತಕಕ್ಕೆ ಬರೆಯದಿದ್ದರೆ ತಿಮಿಂಗಿಲಕ್ಕೇನೂ ನಷ್ಟವಿಲ್ಲ. ನನಗೆ ಚುಚ್ಚಿದ್ದು ಬೇರೆ. ಇಷ್ಟು ದಿನ ಜೊತೆಯಲ್ಲಿ ಯಾರೋ ಇದ್ದಾರೆ ಎಂದುಕೊಂಡಿದ್ದೆನಲ್ಲ, ಅಲ್ಲಿ ಯಾರೂ ಇರಲಿಲ್ಲ ಅನ್ನಿಸಿತು. ಯಾರದೋ ಮನೆಯಲ್ಲಿ ಆರಿಸಲು ಮರೆತ ಫೋನು ಇರಬೇಕು. ಅದಕ್ಕೆ ನಾನು ದೀಪ ಹಚ್ಚಿ ಬಂದಿದ್ದೆ. ಕೋಣೆಯಲ್ಲಿ ಕೂರಲಾಗದೆ, ಕುಕ್ಕರಿನ ಗ್ಯಾಸ್ಕೆಟ್ ತರುವ ನೆಪ ಹೂಡಿ ಪುರಸೈವಾಕ್ಕಂಗೆ ಬಸ್ಸು ಹತ್ತಿದೆ. ಗ್ಯಾಸ್ಕೆಟ್ ಮೈಲಾಪೂರಿನಲ್ಲೂ ಸಿಗುತ್ತದೆ.

ಹೋಟೆಲಿನಲ್ಲಿ ಸಂಜೆಯ ರಶ್ಶು ಇಳಿದಿತ್ತು. ಗಲ್ಲಾದಲ್ಲಿದ್ದ ಮಾವ ನನ್ನನ್ನು ಕಂಡು ಯಾಕೋ ಕಣ್ಣು ತಪ್ಪಿಸಿದರು. ಇಪ್ಪತ್ತು ವರ್ಷದಿಂದ ಅಲ್ಲಿ ಸಪ್ಲೈಯರ್ ಆಗಿರುವ ಶೀನಣ್ಣ ಕಾಫಿ ತಂದಿಟ್ಟು, ಮೇಜು ಒರೆಸುತ್ತಾ ಮೆಲ್ಲಗೆ, "ಅಲ್ಲ ಅಕ್ಕ, ಇವತ್ ಹತ್ ಗಂಟಿ ಬದಿಯಂಗೆ ಎದ್ದದ್ದ್ ನೀಲಿಯೇ ಅಲ್ದಾ?" ಎಂದ.

ಲೋಟ ಬಟ್ಟಲಿಗಿಟ್ಟು, ನಿಮಗೆ ಹೇಗೆ ಗೊತ್ತು ಎಂದೆ.

"ನಾವೆಲ್ಲ ಕಂಡಿತ್. ಆ ಹೆಣ್ಣ್ ಮೈಕಂಗೆ ಕೇಂಬತಿಗೆ ಹೋಯ್ ಹೋಯ್ ಅಂದ್ ಕೂಗಿತ್ ಮಾರ್ರೆ. ಅಡುಗೆ ಭಟ್ರ್ ಹೊರಗ್ ಬಂದ್ ಕೂಗಿದ್ರ್. ಅವ್ಳಿಗೆ ಕೇಂಡಿಲ್ಲೆ. ರಿಮೋಟಂಗೆ ಬರಿಯುಕೆ ಹೋರೆ ಒಂದಕ್ಷರ ಹುಡ್ಕುವತಿಗೆ ದೋಣಿ ಕಾರ್ಯಕ್ರಮವೇ ಬಂದ್ ಆಯ್ತ್."

ಕತೆ ಹೀಗೆ. ನನ್ನ ಹುಟ್ಟಿದ ದಿನದ ಮರುದಿನವೇ ಗಿರಾಕಿಗಳು ಬಂದು, ನಿನ್ನೆಯದು ಬಂತಾ, ಕೊನೆಗೂ ಬಂತಾ ಎಂದು ಕೇಳಿದರಂತೆ. ಮೂರು ಗಂಟೆ ಕಾಯಿಸಿದರೆ ಯಾರಿಗಾದರೂ ಕುತೂಹಲ ಇರುವುದಿಲ್ಲವೇ? ಶೀನಣ್ಣ ಮತ್ತೆ ಹಾಕಿದ. ಅಂದಿನಿಂದ ದಿನಾ ಮಧ್ಯಾಹ್ನದ ಟಿಫಿನ್ ಹೊತ್ತಿಗೆ ಹೋಟೆಲಿಡೀ ಅದನ್ನೇ ನೋಡುತ್ತಿದೆ. ರೈಲ್ವೆಯಿಂದ ನಿವೃತ್ತರಾದ, ಎಲ್ಲರೂ ಪೆರಿಯವರ್ ಎಂದು ಕರೆಯುವ ಹಿರಿಯರೊಬ್ಬರು ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಹಿಲ್ಡಾಳ ಇಂಗ್ಲಿಷನ್ನು ಎಲ್ಲರಿಗೂ ತಮಿಳಿನಲ್ಲಿ ಹೇಳುತ್ತಾರೆ. ನನ್ನ ಫಿನ್ಲೆಂಡಿನ ಅಜ್ಜಿ ಎಂದರೆ ತುಪ್ಪದ ರೋಸ್ಟ್ ತಿನ್ನುತ್ತಿದ್ದ ನಲವತ್ತು ಜನ. ಮಂಗಳವಾರ ಹೋಟೆಲಿಗೆ ರಜೆ.

"ಚೆನ್ನೈನ ಗೆಳತಿ ನಾನೇ ಅಂತ ಹೇಗೆ ಗೊತ್ತಾಯ್ತು?" ಎಂದೆ.

"ಇದನ್ನ ಕಾಂಬು ಹುಚ್ಚ್ ಈ ಊರಂಗೆ ಬೇರೆ ಯಾರಿಗಿತ್ತ್?" ಎಂದರು ಗಲ್ಲಾದಿಂದ ಮಾವ.

"ಮತ್ತೆ ನನಗೆ ಒಂದು ಮಾತು ಹೇಳಲಿಲ್ಲ ಮಾವ."

ಮಾವ ಬಿಲ್ಲು ಚುಚ್ಚಿಡುವ ಸೂಜಿಯನ್ನು ಸರಿಯಾಗಿಯೇ ಇದ್ದ ಜಾಗದಿಂದ ತೆಗೆದು ಮತ್ತೆ ಅಲ್ಲೇ ಇಟ್ಟರು. "ಬೇಜಾರ್ ಮಾಡ್ಕಣ್ಬೇಡ. ನೀ ಬಂದ್ರೆ ಪಾಠ ಶುರು ಮಾಡ್ತೆ. ಜನ ಎದ್ದ್ ಹೋತ್ರ್."

ಎರಡು ವರ್ಷ ಜೊತೆಗಾರರನ್ನು ಹುಡುಕಿದೆ. ಸಿಕ್ಕ ನಲವತ್ತು ಜನರೂ ನನ್ನಿಂದ ಬಚ್ಚಿಟ್ಟುಕೊಂಡು ನೋಡುತ್ತಿದ್ದರು. ಕಾಫಿ ಮುಗಿಸಿ, ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟು, ಮುಂದಿನ ಶನಿವಾರಕ್ಕೆ ಅನುಮತಿ ಪಡೆದೆ.

ಆ ಶನಿವಾರ ಪೆರಿಯವರ್ ಎದುರಿನ ಕುರ್ಚಿ ಸಿಕ್ಕಿತು. ಹಿಲ್ಡಾ ಬಂದಳು, ಕೈಗವಸು ಹಾಕಿಕೊಳ್ಳಿ ಎಂದಳು. ಹೋಟೆಲಿಡೀ ದೋಸೆ ಮುರಿಯುತ್ತಾ ನೀರು ನೋಡುತ್ತಿತ್ತು. ನಾನು ಒಂದು ಮಾತೂ ಆಡಲಿಲ್ಲ. ಮಾವ ಎರಡು ಸಲ ಅನುಮಾನದಿಂದ ನೋಡಿದರು. ಆಗ ನನ್ನ ಕಣ್ಣು ಟಿ.ವಿ.ಯ ಮೂಲೆಗೆ ಹೋಯಿತು. ನನ್ನ ಫೋನು ಮುಚ್ಚಿದ್ದರಿಂದ ಅಲ್ಲಿ ಒಂದು ಎಂದಿತ್ತು. ಇಲ್ಲಿ ಇಷ್ಟು ಜನ ಸೇರಿದ್ದೇವೆ. ಅಲ್ಲಿ ಆ ಚಳಿಯಲ್ಲಿ ನಿಂತ ಹುಡುಗಿಗೆ, ಇದ್ದ ಇಬ್ಬರಲ್ಲಿ ಒಬ್ಬರು ಮುನಿಸಿಕೊಂಡು ಹೋದರು ಎಂದು ಕಾಣಿಸುತ್ತಿರಬೇಕು. ಅದು ಹೇಗಿರುತ್ತದೆಂದು ನನಗೆ ಗೊತ್ತು. ಮೇಜಿನ ಕೆಳಗೆ ಫೋನ್ ಇಟ್ಟುಕೊಂಡು, ಅದರಲ್ಲೂ ದೋಣಿಯನ್ನು ತೆರೆದೆ. ಒಂದು ಎರಡಾಗುವುದನ್ನೇ ತಲೆ ತಗ್ಗಿಸಿ ಕಾಯುತ್ತಿದ್ದೆ.

ಹೋಟೆಲು ಒಮ್ಮೆಲೇ "ಓ" ಎಂದಿತು. ತಲೆಯೆತ್ತಿದೆ. ಬರೀ ನೀರು.

"ಕಾಣ್ಲಿಲ್ಯಾ ಅಕ್ಕ? ಬಾಲ. ದೋಣಿ ಬುಡದಂಗೇ" ಎಂದ ಶೀನಣ್ಣ, ಸಾಂಬಾರಿನ ಬಕೆಟ್ಟು ಹಿಡಿದು ನಿಂತಲ್ಲೇ.

ಪೆರಿಯವರ್ ನನ್ನನ್ನು ಕರುಣೆಯಿಂದ ನೋಡಿದರು. ಕಾಫಿ ಪಕ್ಕಕ್ಕಿಟ್ಟು, ಕನ್ನಡಕ ಸರಿಮಾಡಿಕೊಂಡು, ಏನೂ ಅರಿಯದ ಹುಡುಗಿಗೆ ಮೊದಲಿನಿಂದ ಹೇಳಿಕೊಡುವವರಂತೆ ಶುರು ಮಾಡಿದರು: "ಅದು ವಂದು ಒರು ಪೆರಿಯ ಮೀನ್ ಮ್ಮಾ." ಅದೊಂದು ದೊಡ್ಡ ಮೀನಂತೆ.

ಇಡೀ ಹೋಟೆಲು ನನ್ನ ಬಾಯಿಯನ್ನೇ ನೋಡುತ್ತಿತ್ತು. ಮಾವ ಗಲ್ಲಾದಲ್ಲಿ ಎದ್ದು ನಿಂತಿದ್ದರು.

"ಅಪ್ಪಡಿಯಾ?" ಎಂದೆ, ಹೌದಾ ಎಂದು ಬೆರಗಾದವಳಂತೆ, ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಳ್ಳುತ್ತಾ.