ನಮ್ಮ ಬಸ್ಸಿನಲ್ಲಿ ಜಪಾನಿ ಮೆಟಲ್

ಚನ್ನಗಿರಿಯಿಂದ ಹೊನ್ನಾಳಿ ಮೇಲೆ ನ್ಯಾಮತಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್ ನಾನು. ಹಾಡು ಹಾಕುವ ಹಕ್ಕು ನನ್ನದು. ಹಾಗಾಗಿ ಒಂದಲ್ಲ ಒಂದು ಎಡವಟ್ಟು ನಡೆಯುತ್ತಲೇ ಇರುತ್ತದೆ. ಭಾವಗೀತೆ ತುಂಬಿಕೊಡಿ ಎಂದು ಪೆನ್‌ಡ್ರೈವ್ ಕೊಟ್ಟರೆ, ಮೊಬೈಲ್ ಅಂಗಡಿಯವರು ಜಪಾನಿನ ಹೆವಿ ಮೆಟಲ್ ಆಲ್ಬಂ ತುಂಬಿಬಿಟ್ಟರು. ಎರಡು ದಿನ ಬೈದುಕೊಂಡೆ. ಮೂರನೇ ದಿನ ನೋಡಿದರೆ ಸ್ಟೇರಿಂಗ್ ಮೇಲೆ ತಾಳ ಹಾಕುತ್ತಿದ್ದೇನೆ! ಆ ತಾಳವೋ, ಒಮ್ಮೆ ಐದಕ್ಕೆ ಮುಗಿಯುತ್ತದೆ, ಒಮ್ಮೆ ಏಳಕ್ಕೆ. ಇಡೀ ತಾಲೂಕಿನಲ್ಲಿ ಅದನ್ನು ತಪ್ಪದೆ ಹಾಕುವವನು ನಾನೊಬ್ಬನೇ. ಆದರೆ ಬಸ್ಸಿನ ಮಾಲೀಕರು, ನಮ್ಮ ಸಾವ್ಕಾರ್ರು, ಎಚ್ಚರಿಸಿದ್ದರು: "ಒಂದ್ ಕಂಪ್ಲೇಂಟ್ ಬಂದ್ರೂ ಪೆನ್‌ಡ್ರೈವ್ ಕಿತ್ತು ಹೊಳಿಗೆ ಒಗಿತೀನಿ."

ಜಲ್ಲಿ

ಮುಂದಿನ ಸೀಟಿನಲ್ಲಿದ್ದ ರಸ್ತೆ ಗುತ್ತಿಗೆದಾರರು ಕೇಳಿದರು, "ಏನ್ರೀ ಇದು ಗದ್ಲ?"

"ಹೆವಿ ಮೆಟಲ್ ರೀ. ಜಪಾನಿಂದು."

ಅವರಿಗೆ ಮೆಟಲ್ ಎಂದರೆ ರಸ್ತೆಗೆ ಹಾಕುವ ಜಲ್ಲಿ. "ಅಷ್ಟು ದೂರದಿಂದ ಯಾಕ್ರೀ ತರ್ಸಾಕೆ ಹೋದ್ರಿ? ನಮ್ ಕ್ರಷರ್‌ನಾಗೆ ಬೇಕಾದಷ್ಟು ಐತೆ. ಸೌಂಡೂ ಇದೇ!"

ನಿದ್ದೆ

ಎರಡನೇ ಹಾಡು ನಡುವೆ ತಟ್ಟನೆ ನಿಂತು, ತುಸು ಹೊತ್ತಿನ ಮೇಲೆ ಮತ್ತೆ ಶುರುವಾಗುತ್ತದೆ. ಅಷ್ಟು ಗದ್ದಲದಲ್ಲೂ ಗೊರಕೆ ಹೊಡೆಯುತ್ತಿದ್ದ ಅಜ್ಜಿಯೊಬ್ಬರು ಆ ಮೌನಕ್ಕೆ ಗಾಬರಿಯಾಗಿ ಎದ್ದರು.

"ಬಸ್ ಕೆಟ್ಟೋತೇನಪ್ಪಾ?"

"ಇಲ್ಲಜ್ಜಿ, ಹಾಡೇ ಹಂಗೈತೆ."

"ಹಂಗಾರೆ ರಿಪೇರಿ ಮಾಡ್ಸಪ್ಪಾ, ನಿದ್ದಿ ಕೆಡ್ತು!"

ಸೀಟು

ಕೊನೆಗೂ ಯಾರೋ ಫೋನ್ ಮಾಡಿ ದೂರಿದರು. ಸಾವ್ಕಾರ್ರು ಹೊನ್ನಾಳಿಯಲ್ಲಿ ಹತ್ತಿ, ಮುಂದಿನ ಸೀಟಿನಲ್ಲಿ ಕೂತು, ಪೆನ್‌ಡ್ರೈವಿಗೆ ಕೈ ಚಾಚಿದರು. ನಾನು ಬಿಡಲಿಲ್ಲ. "ಇದೊಂದ್ ಹಾಡು ಕೇಳಿ ಆಮೇಲೆ ಕೀಳ್ರಿ" ಎಂದೆ. ಆ ಹಾಡುಗಾರ ಒಂದು ಜಪಾನಿ ಮಾತನ್ನು ಗಂಟಲು ಹರಿಯುವಂತೆ ಕೂಗುತ್ತಾನೆ. ನಮ್ಮ ಕಿವಿಗೆ ಅದು ಅಪ್ಪಟ "ಐತೆ!"

ಕೆಳಗೆ ನಿಂತಿದ್ದ ಹೆಂಗಸೊಬ್ಬರು ಕೇಳಿದರು, "ಸೀಟ್ ಐತೇನ್ರೀ?"

ಸ್ಪೀಕರ್ ಕೂಗಿತು, "ಐತೆ! ಐತೆ! ಐತೆ!"

ಸ್ಟ್ಯಾಂಡಿನಲ್ಲಿದ್ದವರೆಲ್ಲ ನುಗ್ಗಿದರು. ಬಸ್ಸು ಕಿಕ್ಕಿರಿಯಿತು. ಆ ಹೆಂಗಸು ಕಂಡಕ್ಟರನ್ನು ತರಾಟೆಗೆ ತೆಗೆದುಕೊಂಡರು: "ಐತೆ ಅಂದ್ರಲ್ಲ, ಎಲ್ಲೈತೆ ತೋರ್ಸ್ರಿ!"

"ಅಂದೋನು ನಾನಲ್ಲಮ್ಮಾ, ಜಪಾನಿನೋನು."

"ಯಾವನಾದ್ರೂ ಆಗ್ಲಿ, ಮಾತಂದ್ರೆ ಮಾತು!"

ಸಾವ್ಕಾರ್ರು ತುಂಬಿದ ಬಸ್ಸನ್ನು ಕಣ್ತುಂಬ ನೋಡಿದರು. ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು, ಎದ್ದು, ತಮ್ಮ ಸೀಟು ಆ ಹೆಂಗಸಿಗೆ ಬಿಟ್ಟುಕೊಟ್ಟರು. ನ್ಯಾಮತಿವರೆಗೂ ಕಂಬಿ ಹಿಡಿದು ನಿಂತೇ ಬಂದರು. ಇಳಿಯುವಾಗ ನನ್ನ ಕಿವಿಯ ಬಳಿ ಬಗ್ಗಿ ಹೇಳಿದರು:

"ಡ್ರೈವರ್ರೇ, ಪೆನ್‌ಡ್ರೈವ್ ಇರ್ಲಿ. ಆದ್ರೆ ಬಸ್ ತುಂಬಿದ್ಮೇಲೆ ಹಾಕಾಕೆ 'ಇಲ್ಲ' ಅನ್ನೋ ಹಾಡು ಒಂದು ಐತೇನು ನೋಡ್ರಿ!"